ಬಾದಾಮಿಯ ವಾಟೆಯಲ್ಲಿ ಬಾದಾಮಿ ಇರಲಿಲ್ಲ

ನನ್ನ ತಾಯಿಯ ತವರಿನ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಒಂದು ಮಾವಿನ ಮರವಿದೆ. ಅದನ್ನು ನೆಟ್ಟವರು ಅಜ್ಜಿ. ನಾನಾಗ ನಾಲ್ಕನೇ ಕ್ಲಾಸು, ಬೇಸಿಗೆ ರಜಕ್ಕೆ ಹೋಗಿದ್ದೆ. ನೆಂಟರೊಬ್ಬರು ಒಂದು ಬುಟ್ಟಿ ಬಾದಾಮಿ ಹಣ್ಣು ತಂದಿದ್ದರು. ನಾವು ಮಕ್ಕಳು ವಾಟೆಯನ್ನು ಬಿಳಿಚಿಕೊಳ್ಳುವಷ್ಟು ಚೀಪಿ ಎಸೆದದ್ದನ್ನು ಅಜ್ಜಿ ಆಯ್ದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ದಪ್ಪನೆಯದೊಂದನ್ನು ಹಿತ್ತಲಲ್ಲಿ ಊರಿದರು. "ಇನ್ನು ಮೇಲೆ ದುಡ್ಡು ಕೊಟ್ಟು ಹಣ್ಣು ತರೋ ಹಾಗಿಲ್ಲ" ಎಂದು ಮನೆಮಂದಿಗೆಲ್ಲ ಸಾರಿದರು.

ಒಂಬತ್ತು ವರ್ಷಕ್ಕೆ ಕಾಯಿ ಕಚ್ಚಿತು. ಹಣ್ಣಾದರೂ ಸಿಪ್ಪೆ ಹಸಿರು, ಒಳಗೆಲ್ಲ ನಾರು, ವಾಟೆಯ ಹತ್ತಿರ ಬಂದರೆ ಹಲ್ಲು ಚಳಿತುಹೋಗುವ ಹುಳಿ. ಆ ಹಣ್ಣಿನವನು ಬಾದಾಮಿ ಅಂತ ಯಾವುದೋ ನಾಟಿ ಹಣ್ಣು ಕೊಟ್ಟು ಮೋಸ ಮಾಡಿದ್ದಾನೆ ಎಂದರು ಅಜ್ಜಿ. ತೋಟ ಇಟ್ಟಿದ್ದ ಪಕ್ಕದ ಮನೆಯವರು ಬೇಲಿಯ ಆಚೆಯಿಂದಲೇ ನಕ್ಕರು. "ವಾಟೆ ಹಾಕಿದ್ರೆ ಬಾದಾಮಿ ಎಲ್ಲಿ ಬರತ್ತಮ್ಮಾ? ಕಸಿ ಗಿಡ ತಂದು ಹಾಕಬೇಕಿತ್ತು."

"ಯಾಕೆ ಬರಲ್ಲ? ಬಾದಾಮಿ ಹೊಟ್ಟೇಲಿ ಬಾದಾಮಿ ಅಲ್ದೆ ಬೇವು ಹುಟ್ಟತ್ತಾ?"

ಪಕ್ಕದ ಮನೆಯವರ ಬಳಿ ಇದಕ್ಕೆ ಉತ್ತರ ಇರಲಿಲ್ಲ. ವಾಟೆಯಿಂದ ಬರುವುದಿಲ್ಲ ಎನ್ನುವುದು ಅವರ ಅನುಭವ, ಯಾಕೆ ಬರುವುದಿಲ್ಲ ಎನ್ನುವುದು ಅಜ್ಜಿಯ ಪ್ರಶ್ನೆ. ಯುರೋಪಿನ ವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದ ಕೊನೆಯ ಕಾಲುಭಾಗವನ್ನು ಹೆಚ್ಚುಕಡಿಮೆ ಇದೇ ಪ್ರಶ್ನೆಯ ಮೇಲೆ ಕಳೆದರು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಮೈಯ ಜೀವಕೋಶಗಳಲ್ಲಿ ಗುಣಗಳನ್ನು ಹೊತ್ತ ಡಿಎನ್‌ಎ ದಾರಗಳು, ಅಂದರೆ ವರ್ಣತಂತುಗಳು, 46 ಇವೆ. ಈ ಸಂಖ್ಯೆಯೇ ನೆಟ್ಟಗೆ ಗೊತ್ತಾದದ್ದು 1955ರ ಕೊನೆಗೆ, ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೊ ಎಂಬಾತ ಸೂಕ್ಷ್ಮದರ್ಶಕದ ಕೆಳಗೆ ಸರಿಯಾಗಿ ಎಣಿಸಿದಾಗ. ಅಲ್ಲಿಯವರೆಗೆ ಮೂವತ್ತು ವರ್ಷ ಪಠ್ಯಪುಸ್ತಕಗಳು 48 ಎಂದೇ ಹೇಳುತ್ತಿದ್ದವು. ಮಾವಿನ ಮರಕ್ಕೆ 40. ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ನಾಯಿಯಂತೆ ಬೊಗಳುತ್ತದಲ್ಲ ಕಾಡುಕುರಿ, ಅದರ ಹೆಣ್ಣಿಗೆ ಬರೀ 6, ಗಂಡಿಗೆ 7. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಇನ್ನೊಂದು ಪ್ರಾಣಿಯಲ್ಲಿ ಸಿಕ್ಕಿಲ್ಲ. ಹೆಚ್ಚು ಇದ್ದವರು ಹೆಚ್ಚು ಬುದ್ಧಿವಂತರೇನೂ ಅಲ್ಲ ಎನ್ನಲು ಮಾವೊಂದೇ ಸಾಕು.

ಈ 46 ಎಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ಅಂಡಾಣುವಿನಲ್ಲೂ 46, ವೀರ್ಯಾಣುವಿನಲ್ಲೂ 46 ಇದ್ದು ಎರಡೂ ಕೂಡಿದ್ದರೆ ಮಗುವಿಗೆ 92, ಮೊಮ್ಮಗುವಿಗೆ 184 ಆಗಬೇಕಿತ್ತು. ಹಾಗಾಗುತ್ತಿಲ್ಲ ಎಂದಮೇಲೆ ಕೂಡುವ ಮೊದಲು ಎಲ್ಲೋ ಅರ್ಧವಾಗುತ್ತಿರಬೇಕು. ಬೆಲ್ಜಿಯಂನ ಎದುವಾರ್ ವಾನ್ ಬೆನೆಡೆನ್ 1883ರಲ್ಲಿ ಕುದುರೆಯ ಕರುಳಿನ ಜಂತುಹುಳುವಿನಲ್ಲಿ ಇದನ್ನು ಕಣ್ಣಾರೆ ಕಂಡ. ಆ ಹುಳಕ್ಕೆ ಇರುವುದೇ ನಾಲ್ಕು ವರ್ಣತಂತು, ಎಣಿಸುವುದು ಸುಲಭ. ಮೊಟ್ಟೆಯಿಂದ ಎರಡು, ವೀರ್ಯಾಣುವಿನಿಂದ ಎರಡು. ಜರ್ಮನಿಯ ಆಗಸ್ಟ್ ವೈಸ್‌ಮನ್ 1887ರಲ್ಲಿ, ಹೀಗೆ ಅರ್ಧ ಮಾಡುವ ವಿಶೇಷ ವಿಭಜನೆಯೊಂದು ಇರಲೇಬೇಕು ಎಂದು ತರ್ಕದಿಂದಲೇ ವಾದಿಸಿದ. 1905ರಲ್ಲಿ ಬ್ರಿಟನ್ನಿನ ಫಾರ್ಮರ್ ಮತ್ತು ಮೂರ್ ಎಂಬ ಇಬ್ಬರು ಅದಕ್ಕೆ 'ಕಡಿಮೆಯಾಗುವುದು' ಎಂಬರ್ಥದ ಗ್ರೀಕ್ ಪದ ಹುಡುಕಿ ಹೆಸರಿಟ್ಟರು: ಮಿಯಾಸಿಸ್. ಅರೆವಿಭಜನೆ ಎಂದರೆ ಅರ್ಥ ಸರಿಹೋದೀತು. ಆದರೆ ಕಾಲೇಜಿನಲ್ಲಿ ಕಿವಿಗೆ ಬಿದ್ದ ಮಿಯಾಸಿಸ್ಸೇ ನನಗೆ ರೂಢಿ.

ಹೆಸರಿಟ್ಟವರು ಲೆಕ್ಕದ ಕಡೆ ಮಾತ್ರ ನೋಡಿದರು ಎಂದು ನನಗೆ ಅನ್ನಿಸುವುದುಂಟು. 46 ಇದ್ದದ್ದು 23 ಆಗುತ್ತದೆ, ನಿಜ. ಅಜ್ಜಿಯ ಪ್ರಶ್ನೆಗೆ ಉತ್ತರ ಇರುವುದು ಆ 23 ಯಾವುವು ಎಂಬುದರಲ್ಲಿ.

ನಾನು ಮಿಯಾಸಿಸ್ಸನ್ನು ಕಣ್ಣಲ್ಲಿ ನೋಡಿದ್ದು ಬಿ.ಎಸ್ಸಿ. ಎರಡನೇ ವರ್ಷದಲ್ಲಿ. ಅದಕ್ಕೆ ಮೊದಲೇ ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಯಾಗಿತ್ತು. ಲೆಪ್ಟೋಟೀನ್, ಜೈಗೋಟೀನ್, ಪ್ಯಾಕಿಟೀನ್, ಡಿಪ್ಲೋಟೀನ್, ಡಯಾಕೈನೆಸಿಸ್ ಎಂದು ರೈಲು ಹಾದುಹೋಗುವ ಸ್ಟೇಷನ್‌ಗಳ ಹಾಗೆ ಉರುಹೊಡೆದಿದ್ದೆವು. ರೈಲು ಎಲ್ಲಿಗೆ ಹೊರಟಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪ್ರಾಕ್ಟಿಕಲ್ ದಿನ ಬೆಳಿಗ್ಗೆ ನಾವೇ ಹೋಗಿ ಎಕ್ಕದ ಗಿಡದ ಮೇಲೆ ಕೂರುವ ಹಳದಿ-ನೀಲಿ ಪಟ್ಟೆಯ ಮಿಡತೆ ಹಿಡಿದು ತರಬೇಕಿತ್ತು. ಅದೇನೂ ಕಷ್ಟವಿಲ್ಲ, ಎಕ್ಕದ ಹಾಲು ಕುಡಿದು ಮೈಯೆಲ್ಲ ವಿಷ ಮಾಡಿಕೊಂಡ ಆ ಮಿಡತೆಗೆ ಯಾರ ಭಯವೂ ಇಲ್ಲ, ಹಾರುವ ಗಡಿಬಿಡಿಯೂ ಇಲ್ಲ. ಗಂಡು ಮಿಡತೆಯ ವೃಷಣ ತೆಗೆದು, ಆಲ್ಕೋಹಾಲ್ ಮತ್ತು ಅಸೆಟಿಕ್ ಆಮ್ಲದ ಮಿಶ್ರಣದಲ್ಲಿ ಇಟ್ಟು, ಅದರಿಂದ ಒಂದು ಎಳೆಯನ್ನು ಗಾಜಿನ ಮೇಲೆ ಇಟ್ಟು, ಒಂದು ಹನಿ ಕೆಂಪು ಅಸಿಟೋಕಾರ್ಮಿನ್ ಬಿಡಬೇಕು. ಸೂಜಿಯ ಹಿಂಬದಿಯಿಂದ ಕುಟ್ಟಿ, ಕವರ್‌ಸ್ಲಿಪ್ ಮುಚ್ಚಿ, ಸ್ಪಿರಿಟ್ ದೀಪದ ಮೇಲೆ ಎರಡು ಸಲ ಆಡಿಸಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಬೆರಳು ಒಂಚೂರು ಜಾರಿದರೂ ಎಲ್ಲ ಹಾಳು. ನನ್ನ ಮೊದಲ ಮೂರು ಸ್ಲೈಡ್ ಹಾಳಾದವು.

"ಸಾರ್, ಏನೂ ಕಾಣ್ತಿಲ್ಲ."

"ಕಾಣತ್ತೆ ಕಣಮ್ಮ, ಅವಸರ ಮಾಡ್ಬೇಡ. ಬರೀ ಕೆಂಪು ಅಂತ ನೋಡ್ಬೇಡ, ದಾರ ಹುಡುಕು."

ನಾಲ್ಕನೇ ಸ್ಲೈಡಿನಲ್ಲಿ ದಾರ ಕಂಡಿತು. ಒಂದು ದುಂಡನೆಯ ಕೋಶದೊಳಗೆ ಕಡುಗೆಂಪು ತುಣುಕುಗಳು. ಒಂದು ಉಂಗುರದಂತೆ ದುಂಡಗೆ, ಇನ್ನೊಂದು ಕತ್ತರಿ ತೆರೆದಿಟ್ಟಂತೆ, ಮತ್ತೊಂದು ಎರಡು ಕಡ್ಡಿಗಳನ್ನು ಅಡ್ಡ ಇಟ್ಟಂತೆ. ಗಂಡು ಮಿಡತೆಗೆ 19 ವರ್ಣತಂತು, ಅಂದರೆ ಒಂಬತ್ತು ಜೋಡಿ ಮತ್ತು ಜೊತೆಯಿಲ್ಲದ ಒಂಟಿ ಎಕ್ಸ್. ಎಣಿಸಿದರೆ ಹತ್ತು ತುಣುಕು ಸಿಗಬೇಕು. ನಾನು ಎಂಟರವರೆಗೆ ಎಣಿಸಿ ಸೋತೆ. ಮೇಷ್ಟ್ರು ಬಂದು ಕಣ್ಣಿಟ್ಟು ನೋಡಿದರು. "ಆ ಕತ್ತರಿ ಥರ ಇದೆಯಲ್ಲ, ಅದರ ಗಂಟು ನೋಡು. ಅಲ್ಲಿ ಅಪ್ಪ ಅಮ್ಮ ಬದಲಾಗಿದಾರೆ."

ಆ ಗಂಟೇ ಈ ಕಥೆಯ ನಡುಮನೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೈಯ ಬೇರೆ ಕೋಶಗಳು ಒಡೆದು ಎರಡಾಗುವಾಗ ಪ್ರತಿ ವರ್ಣತಂತುವೂ ತನ್ನದೊಂದು ನಕಲು ಮಾಡಿಕೊಳ್ಳುತ್ತದೆ, ಅಸಲು ಒಂದು ಕಡೆಗೆ, ನಕಲು ಇನ್ನೊಂದು ಕಡೆಗೆ ಹೋಗುತ್ತದೆ. ಅಮ್ಮನಿಂದ ಬಂದ ಒಂದನೇ ವರ್ಣತಂತುವಿಗೂ ಅಪ್ಪನಿಂದ ಬಂದ ಒಂದನೆಯದಕ್ಕೂ ಅಲ್ಲಿ ಮಾತುಕತೆಯೇ ಇಲ್ಲ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಓರಗಿತ್ತಿಯರ ಹಾಗೆ ಬದುಕುತ್ತವೆ. ಅಂಡಾಣು, ವೀರ್ಯಾಣು ಆಗಬೇಕಾದ ಕೋಶದಲ್ಲೂ ನಕಲು ಮಾಡುವ ಕೆಲಸ ಹಾಗೆಯೇ ಶುರುವಾಗುತ್ತದೆ. ಅದಾದ ಮೇಲೆ ಬೇರೆಲ್ಲೂ ನಡೆಯದ ಒಂದು ಸಂಗತಿ ನಡೆಯುತ್ತದೆ: ಪ್ರತಿ ವರ್ಣತಂತುವೂ ತನ್ನ ಜೋಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಅಷ್ಟೂ ದಾರಗಳ ಸಿಕ್ಕಿನೊಳಗೆ ಏಳನೆಯದು ಏಳನೆಯದನ್ನೇ ಹುಡುಕಿ, ಜಡೆ ಹೆಣೆದ ಹಾಗೆ ತುದಿಯಿಂದ ತುದಿಗೆ ಅಂಟಿಕೊಳ್ಳುತ್ತದೆ.

ಹುಡುಕುವ ರೀತಿ ಇನ್ನೂ ವಿಚಿತ್ರ. ಕೋಶ ತನ್ನ ಡಿಎನ್‌ಎಯನ್ನು ತಾನೇ ನೂರಾರು ಕಡೆ ಕತ್ತರಿಸುತ್ತದೆ. ಬೇರೆ ಯಾವ ಕೋಶದಲ್ಲಾದರೂ ಇಷ್ಟು ಕಡೆ ಡಿಎನ್‌ಎ ತುಂಡಾದರೆ ಅದು ಸಾಯುವ ಲಕ್ಷಣ. ಇಲ್ಲಿ ಅದಕ್ಕೆಂದೇ ಒಂದು ಪ್ರೋಟೀನು ಇದೆ, ಸ್ಪೋ11 ಎಂದು ಹೆಸರು. ಕತ್ತರಿ ಅದೇ ಎಂದು 1997ರಲ್ಲಿ ಯೀಸ್ಟ್‌ನಲ್ಲಿ ಗೊತ್ತಾಯಿತು. ತುಂಡಾದ ತುದಿ ತನ್ನನ್ನು ಸರಿಪಡಿಸಿಕೊಳ್ಳಲು ತನ್ನಂಥದ್ದೇ ಬರಹ ಇರುವ ದಾರ ಹುಡುಕುತ್ತದೆ, ಜೋಡಿ ಸಿಗುತ್ತದೆ. ಹೆಚ್ಚಿನ ಕಡೆ ಅದನ್ನು ನೋಡಿಕೊಂಡು ಹರಿದದ್ದನ್ನು ಹೊಲಿದುಕೊಂಡು ಸುಮ್ಮನಾಗುತ್ತದೆ. ಕೆಲವು ಕಡೆ ಮಾತ್ರ ಅಮ್ಮನ ತುಂಡು ಅಪ್ಪನ ದಾರಕ್ಕೆ, ಅಪ್ಪನ ತುಂಡು ಅಮ್ಮನ ದಾರಕ್ಕೆ ಸೇರಿ ಹೊಲಿಗೆ ಬೀಳುತ್ತದೆ. ಮೇಷ್ಟ್ರು ತೋರಿಸಿದ ಗಂಟು ಅದು. ಬೆಲ್ಜಿಯಂನ ಪಾದ್ರಿ, ಜೀವವಿಜ್ಞಾನಿ ಯಾನ್ಸೆನ್ಸ್ 1909ರಲ್ಲಿ ಆ ಗಂಟು ನೋಡಿ, ಇಲ್ಲಿ ತುಂಡುಗಳು ಅದಲು ಬದಲಾಗುತ್ತಿವೆ ಎಂದು ಊಹಿಸಿದ್ದ. ಅದು ನಿಜವೆಂದು ಮುಸುಕಿನ ಜೋಳದ ಗಿಡದಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ತೋರಿಸಿಕೊಟ್ಟದ್ದು 1931ರಲ್ಲಿ.

ಗಂಟಿಗೆ ಇನ್ನೊಂದು ಕೆಲಸವೂ ಇದೆ, ಪಠ್ಯಪುಸ್ತಕಗಳು ಅದನ್ನು ಅಷ್ಟಾಗಿ ಹೇಳುವುದಿಲ್ಲ. ನೊಗಕ್ಕೆ ಕಟ್ಟಿದ ಎತ್ತುಗಳಂತೆ ಜೋಡಿಗಳು ಕೋಶದ ನಡುವೆ ಸಾಲಾಗಿ ನಿಂತಾಗ ಎರಡೂ ಬದಿಯಿಂದ ಹುರಿಗಳು ಬಂದು ಒಂದನ್ನು ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ಎಳೆಯುತ್ತವೆ. ಗಂಟು ಬಿಗಿಯಾಗಿದ್ದರೆ ಹಗ್ಗಜಗ್ಗಾಟದಲ್ಲಿ ಹಗ್ಗ ಬಿರುಸಾದಂತೆ ಸೆಳೆತ ಹುಟ್ಟುತ್ತದೆ, ಹುರಿ ಸರಿಯಾದ ಕಡೆ ಸಿಕ್ಕಿಕೊಂಡಿದೆ ಎಂದು ಕೋಶಕ್ಕೆ ತಿಳಿಯುವುದೇ ಈ ಸೆಳೆತದಿಂದ. ಗಂಟೇ ಬೀಳದ ಜೋಡಿ ಎತ್ತ ಹೋಗುತ್ತದೆಂದು ಹೇಳಲಾಗದು. ಎಲ್ಲ ಸರಿಯಿದ್ದಾಗ ಜೋಡಿಗಳು ಬೇರ್ಪಟ್ಟು ಎರಡು ಕೋಶವಾಗುತ್ತವೆ. ಮೊದಲೇ ಮಾಡಿಕೊಂಡಿದ್ದ ನಕಲುಗಳು ಎರಡನೇ ಸುತ್ತಿನಲ್ಲಿ ಬೇರ್ಪಟ್ಟು ಒಟ್ಟು ನಾಲ್ಕಾಗುತ್ತವೆ. ಎರಡನೇ ಸುತ್ತು ಮಾಮೂಲಿನದು.

ಈಗ ಯಾವ 23 ಎಂಬ ಪ್ರಶ್ನೆಗೆ ಬರಬಹುದು. ಒಂದನೇ ಜೋಡಿಯಲ್ಲಿ ಅಮ್ಮನದು ಎಡಕ್ಕೆ ಹೋಯಿತು ಎಂದ ಮಾತ್ರಕ್ಕೆ ಎರಡನೆಯದರಲ್ಲೂ ಅಮ್ಮನದೇ ಎಡಕ್ಕೆ ಹೋಗಬೇಕೆಂದಿಲ್ಲ. ಪ್ರತಿ ಜೋಡಿಗೂ ಬೇರೆ ನಾಣ್ಯ ಚಿಮ್ಮಿದ ಹಾಗೆ. 23 ಸಲ ಚಿಮ್ಮಿದರೆ ಬೀಳಬಹುದಾದ ಸಾಲುಗಳು 83,88,608. ಗಂಡ ಹೆಂಡತಿ ಇಬ್ಬರದನ್ನೂ ಗುಣಿಸಿದರೆ 70 ಲಕ್ಷ ಕೋಟಿಯ ಮೇಲೆ. ಇದು ಗಂಟುಗಳ ಲೆಕ್ಕ ಸೇರಿಸದೆ. ಒಂದು ವೀರ್ಯಾಣುವಿನಲ್ಲಿ ಸರಾಸರಿ 26ರ ಆಸುಪಾಸು, ಒಂದು ಅಂಡಾಣುವಿನಲ್ಲಿ 40ರ ಆಸುಪಾಸು ಕಡೆ ಹೀಗೆ ತುಂಡುಗಳು ಅದಲು ಬದಲಾಗಿರುತ್ತವೆ. ಅದನ್ನೂ ಹಿಡಿದರೆ ಸಂಖ್ಯೆ ಬರೆಯುವುದರಲ್ಲಿ ಅರ್ಥವಿಲ್ಲ.

ಜೋಡಿಗಳು ಹೀಗೆ ಸ್ವತಂತ್ರವಾಗಿ ಬೇರ್ಪಡುವುದಕ್ಕೂ ಮೆಂಡೆಲ್ 1865ರಲ್ಲಿ ಬಟಾಣಿ ಗಿಡ ಎಣಿಸಿ ಹೇಳಿದ ನಿಯಮಕ್ಕೂ ತಾಳೆಯಾಗುತ್ತದೆ ಎಂದು ಮೊದಲು ಕಂಡವರಲ್ಲಿ ವಾಲ್ಟರ್ ಸಟನ್ ಒಬ್ಬ. ಅಮೆರಿಕದ ಕನ್ಸಾಸ್‌ನ ರೈತರ ಮನೆಯ ಹುಡುಗ. ಅವನು ನೋಡಿದ್ದೂ ಮಿಡತೆಯನ್ನೇ, ಅವನೂರಿನ ಹೊಲಗಳ ದಪ್ಪ ಮಿಡತೆ. 1902 ಮತ್ತು 1903ರಲ್ಲಿ ಎರಡು ಲೇಖನ ಬರೆದ, ಆಮೇಲೆ ಈ ಕಡೆ ತಿರುಗಿ ನೋಡದೆ ಶಸ್ತ್ರವೈದ್ಯನಾದ, 39ನೇ ವಯಸ್ಸಿಗೆ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ನನ್ನ ಎಕ್ಕದ ಮಿಡತೆಯ ನೆನಪಾದಾಗಲೆಲ್ಲ ಈ ಸಟನ್ ನೆನಪಾಗುತ್ತಾನೆ.

ಅಪ್ಪ ಅಮ್ಮನ ಗುಣ ಹಾಲು ಡಿಕಾಕ್ಷನ್ ಬೆರೆತಂತೆ ಮಕ್ಕಳಲ್ಲಿ ಬೆರೆಯುತ್ತದೆ ಎಂದು ನಾವು ಮಾತಾಡುತ್ತೇವೆ. ಬೆರೆಯುವುದು ಹಾಗಲ್ಲ, ಅಕ್ಕಿಯೂ ರಾಗಿಯೂ ಒಂದೇ ಮೊರದಲ್ಲಿ ಕಲಸಿದ ಹಾಗೆ. ಕಾಳು ಕಾಳಾಗಿಯೇ ಉಳಿದು ಮುಂದಿನ ತಲೆಮಾರಿನಲ್ಲಿ ಮತ್ತೆ ಬೇರೆಯಾಗಬಹುದು. ಅಜ್ಜನ ಮೂಗು ಮಗಳಿಗೆ ಬಾರದೆ ಮೊಮ್ಮಗನಿಗೆ ಬರುವುದು ಹೀಗೆ. ನಿಮ್ಮ ಅರ್ಧ ಅಮ್ಮನದು, ಅರ್ಧ ಅಪ್ಪನದು ಎಂಬುದು ಹೆಚ್ಚುಕಡಿಮೆ ನಿಖರ. ಆದರೆ ನಾಲ್ಕು ಮಂದಿ ಅಜ್ಜ ಅಜ್ಜಿಯರಲ್ಲಿ ಪ್ರತಿಯೊಬ್ಬರದೂ ಕಾಲುಭಾಗ ಎಂಬುದು ಬರೀ ಸರಾಸರಿ; ಒಬ್ಬರದು ಹೆಚ್ಚು, ಅವರ ಜೊತೆಯವರದು ಅಷ್ಟೇ ಕಡಿಮೆ ಬಂದಿರುತ್ತದೆ. ಒಡಹುಟ್ಟಿದವರು ಸರಾಸರಿ ಅರ್ಧ ಹಂಚಿಕೊಂಡಿರುತ್ತಾರೆ ಎನ್ನುವುದೂ ಅಷ್ಟೇ, ಅಳೆದು ನೋಡಿದಾಗ ಅದು ಸುಮಾರು ಶೇ. 37ರಿಂದ ಶೇ. 61ರವರೆಗೆ ಏರುಪೇರಾಗಿದೆ. "ಐದು ಬೆರಳೂ ಒಂದೇ ಸಮ ಇರುತ್ತಾ" ಎಂದು ಜಗಳವಾಡುವ ಮಕ್ಕಳ ತಾಯಂದಿರು ಹೇಳುವುದು ಸುಮ್ಮನೆ ಅಲ್ಲ.

ಮಾವಿನಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ನೀಲಂ ಮತ್ತು ದಶಹರಿಯನ್ನು ಕೂಡಿಸಿ ಮಲ್ಲಿಕಾ ಮಾಡಿದರು. ಅದೇ ಜೋಡಿಯ ತಾಯಿ ತಂದೆ ಸ್ಥಾನ ಅದಲು ಬದಲು ಮಾಡಿ ಆಮ್ರಪಾಲಿ ಮಾಡಿದರು. ಮಲ್ಲಿಕಾ ದಪ್ಪ ಹಣ್ಣು, ನಮ್ಮ ಕಡೆ ಸೀಸನ್ನಿನ ಕೊನೆಗೆ ಬಂದು ಬಾದಾಮಿಗೆ ಸಡ್ಡು ಹೊಡೆಯುತ್ತದೆ. ಆಮ್ರಪಾಲಿ ಗಿಡ್ಡ ಮರ, ಸಣ್ಣ ಹಣ್ಣು, ಒಳಗೆ ಕಡು ಕಿತ್ತಳೆ ಬಣ್ಣ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್ ಮತ್ತು ಅರ್ಕಾ ಅರುಣಾ ಕೂಡ ಹೀಗೆಯೇ, ಎರಡಕ್ಕೂ ಬಾದಾಮಿ, ಬಂಗನಪಲ್ಲಿಯೇ ಅಪ್ಪ ಅಮ್ಮ. ಅಕ್ಕತಂಗಿಯರು, ಆದರೆ ಮುಖ ನೋಡಿದರೆ ಗುರುತು ಸಿಗುವುದಿಲ್ಲ.

ಅಜ್ಜಿಯ ವಾಟೆಯ ವಿಷಯಕ್ಕೆ ಬಂದರೆ, ಅದರ ಅಪ್ಪ ಯಾರೆಂದೇ ಗೊತ್ತಿಲ್ಲ. ಯಾವ ತೋಟದ ಯಾವ ಹೂವಿನ ಪರಾಗವನ್ನು ಯಾವ ನೊಣ ತಂದಿತ್ತೋ. ಹೊರಗಿನ ಪರಾಗ ಬಿದ್ದು ಹಾಳಾಯಿತು ಎಂದು ತೋಟದವರು ಹೇಳುವುದುಂಟು. ಅದು ಅರ್ಧ ಸತ್ಯ. ಬಾದಾಮಿಯ ಹೂವಿಗೆ ಬಾದಾಮಿಯದೇ ಪರಾಗ ಬಿದ್ದಿದ್ದರೂ ಆ ವಾಟೆಯಲ್ಲಿ ಬಾದಾಮಿ ಇರುತ್ತಿರಲಿಲ್ಲ. ಯಾಕೆಂದರೆ ಬಾದಾಮಿಯ ಜೋಡಿಗಳಲ್ಲಿ ಎರಡೂ ಒಂದೇ ಥರ ಇಲ್ಲ, ಆ ರುಚಿ ಹುಟ್ಟುವುದು ಅವೆರಡೂ ಜೊತೆಗಿದ್ದಾಗ. ಮಿಯಾಸಿಸ್ ಆ ಜೊತೆಯನ್ನೇ ಮುರಿಯುತ್ತದೆ. ತಾಯಿ ಕೊಡುವುದು ತನ್ನ ಅರ್ಧವನ್ನು, ಅದೂ ಕಲಸಿದ ಅರ್ಧವನ್ನು. ಮಿಯಾಸಿಸ್ ನಡೆದ ಮೇಲೆ ತನ್ನನ್ನೇ ಇಡಿಯಾಗಿ ಕೊಡುವುದು ಯಾವ ತಾಯಿಗೂ ಸಾಧ್ಯವಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 23ನೇ ಜೋಡಿ ಹೆಂಗಸಿನಲ್ಲಿ ಎರಡು ಎಕ್ಸ್, ಗಂಡಸಿನಲ್ಲಿ ಒಂದು ಎಕ್ಸ್ ಒಂದು ವೈ. ಅಂಡಾಣು ಯಾವುದಾದರೂ ಅದರಲ್ಲಿರುವುದು ಎಕ್ಸ್. ಗಂಡಸಿನ ಮಿಯಾಸಿಸ್‌ನಲ್ಲಿ ಎಕ್ಸ್ ಮತ್ತು ವೈ ಬೇರ್ಪಟ್ಟು ಅರ್ಧ ವೀರ್ಯಾಣುಗಳಿಗೆ ಅದು, ಅರ್ಧಕ್ಕೆ ಇದು. ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ವಿಜ್ಞಾನಿ ಹಿಟ್ಟಿನ ಹುಳದಲ್ಲಿ ಇದನ್ನು ತೋರಿಸಿಕೊಟ್ಟದ್ದು 1905ರಲ್ಲಿ. ನೂರು ವರ್ಷದ ಮೇಲಾಯಿತು. ಮೂರನೆಯದೂ ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವ ಮನೆಗಳಿಗೆ ಆ ಹಿಟ್ಟಿನ ಹುಳದ ಸುದ್ದಿ ಇನ್ನೂ ಮುಟ್ಟಿಲ್ಲ.

ಗಂಡಸಿನ ಮಿಯಾಸಿಸ್ ಪ್ರಾಯಕ್ಕೆ ಬಂದಾಗ ಶುರುವಾಗಿ ಮುಪ್ಪಿನವರೆಗೂ ನಡೆಯುತ್ತದೆ. ಒಂದು ಕೋಶದಿಂದ ನಾಲ್ಕು ವೀರ್ಯಾಣು, ದಿನಕ್ಕೆ ಕೋಟಿಗಟ್ಟಲೆ. ಹೆಣ್ಣಿನದು ಬೇರೆಯೇ ಕಥೆ, ನನ್ನನ್ನು ಈ ವಿಷಯದಲ್ಲಿ ಹಿಡಿದು ಕೂರಿಸಿದ್ದೂ ಅದೇ. ಹೆಣ್ಣು ಶಿಶು ಇನ್ನೂ ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳಿನದಾಗಿರುವಾಗಲೇ ಅದರ ಅಂಡಾಶಯದಲ್ಲಿ ಮಿಯಾಸಿಸ್ ಶುರುವಾಗುತ್ತದೆ. ಐದನೇ ತಿಂಗಳಿಗೆ ಅಂಥ ಕೋಶಗಳು 60-70 ಲಕ್ಷ. ಜೋಡಿಗಳು ಹುಡುಕಾಡಿ ಸೇರಿ, ತುಂಡುಗಳು ಅದಲು ಬದಲಾಗಿ, ಗಂಟು ಬಿದ್ದು, ಅಲ್ಲಿಗೆ ಎಲ್ಲವೂ ನಿಂತುಬಿಡುತ್ತದೆ. ಹುಟ್ಟುವ ಹೊತ್ತಿಗೆ 10-20 ಲಕ್ಷ ಉಳಿದಿರುತ್ತವೆ, ಮೈನೆರೆಯುವ ಹೊತ್ತಿಗೆ 3-4 ಲಕ್ಷ. ಅವುಗಳಲ್ಲಿ ಬಲಿತು ಹೊರಬೀಳುವುದು ಜೀವಮಾನದಲ್ಲಿ ನಾನೂರು ಐನೂರು. ತಿಂಗಳಿಗೊಂದು ಅಂಡಾಣು ಹೊರಬೀಳುವ ಮುನ್ನ ನಿಂತದ್ದು ಮತ್ತೆ ಚಲಿಸುತ್ತದೆ, ಒಂದು ಸುತ್ತು ಮುಗಿಸಿ ಮತ್ತೆ ನಿಲ್ಲುತ್ತದೆ. ವೀರ್ಯಾಣು ಬಂದು ಮುಟ್ಟಿದರೆ ಮಾತ್ರ ಎರಡನೇ ಸುತ್ತು ಪೂರ್ತಿಯಾಗುತ್ತದೆ. ನಾಲ್ಕರಲ್ಲಿ ಒಂದೇ ಅಂಡಾಣು. ಉಳಿದ ವರ್ಣತಂತುಗಳು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಸೇರಿ ಅಳಿದುಹೋಗುತ್ತವೆ.

ನನ್ನ ತಾಯಿ ಹುಟ್ಟಿದ್ದು 1949ರ ಆಗಸ್ಟ್‌ನಲ್ಲಿ. ನಾನು ಅವರ ಹೊಟ್ಟೆ ಸೇರಿದ್ದು 1973ರಲ್ಲಿ. ನಾನಾದ ಅಂಡಾಣುವಿನಲ್ಲಿ ಅಜ್ಜನ ತುಂಡು ಎಷ್ಟು, ಅಜ್ಜಿಯ ತುಂಡು ಎಷ್ಟು ಎಂಬ ಹೊಲಿಗೆ 1949ರಲ್ಲೇ, ಮಾವಿನ ವಾಟೆ ಊರಿದ ಅದೇ ಅಜ್ಜಿಯ ಬಸಿರಿನಲ್ಲಿ ಬಿದ್ದಿತ್ತು. ಆಮೇಲೆ ಆ ಗಂಟು ಇಪ್ಪತ್ತನಾಲ್ಕು ವರ್ಷ ಹಾಗೆಯೇ ಕಾದಿತ್ತು. ಅಮ್ಮ ಶಾಲೆಗೆ ಹೋದರು, ಮದುವೆಯಾದರು, ಅದು ಅಲ್ಲಿಯೇ ಇತ್ತು.

ಇಷ್ಟು ವರ್ಷ ವರ್ಣತಂತುಗಳನ್ನು ಹಿಡಿದಿಡುವ ಪ್ರೋಟೀನಿನ ಬಳೆಗಳು ಸವೆಯುತ್ತವೆ, ಹೊಸದಾಗಿ ತೊಡಿಸುವ ವ್ಯವಸ್ಥೆ ಇಲ್ಲ. ವಯಸ್ಸಾದಂತೆ ಜೋಡಿಗಳು ಸರಿಯಾಗಿ ಬೇರ್ಪಡದೆ, ಒಂದೇ ಕಡೆಗೆ ಎರಡೂ ಹೋಗುವ ಸಂಭವ ಹೆಚ್ಚುತ್ತದೆ. 21ನೇ ವರ್ಣತಂತು ಹಾಗೆ ಹೋಗಿ ಮಗುವಿಗೆ ಮೂರು ಬಂದರೆ ಡೌನ್ ಸಿಂಡ್ರೋಮ್. ಕಾರಣ ಇದೆಂದು 1959ರಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾಯಿತು. ತಾಯಿಗೆ 25 ವರ್ಷವಿದ್ದಾಗ ಸುಮಾರು 1,250 ಹೆರಿಗೆಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಹಾಗೆಂದು ಇದು ತಡವಾಗಿ ಹೆತ್ತವರ ತಪ್ಪೆಂದು ಓದಿಕೊಳ್ಳಬೇಡಿ. ಕಿರಿಯ ವಯಸ್ಸಿನವರೇ ಹೆಚ್ಚು ಹೆರುವುದರಿಂದ ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರೂ ಕಿರಿಯರೇ. ಬೇರೆ ಬಹುತೇಕ ವರ್ಣತಂತುಗಳು ಹೀಗೆ ಹೆಚ್ಚುಕಡಿಮೆಯಾದರೆ ಬಸಿರು ನಿಲ್ಲುವುದೇ ಅಪರೂಪ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಈ ಏರುಪೇರು. ಭಾರ ಎತ್ತಿದ್ದು, ಪಪ್ಪಾಯಿ ತಿಂದದ್ದು, ಬಸ್ಸಿನಲ್ಲಿ ಹೋದದ್ದು ಎಂದು ತಮ್ಮನ್ನೇ ಹಳಿದುಕೊಂಡು ಕೂತ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮಿಯಾಸಿಸ್ ನಡೆಯದಿದ್ದರೆ? ನಂಜನಗೂಡಿಗೆ ಹೋದರೆ ನೋಡಬಹುದು. ಕಾಡುಬಾಳೆಯಲ್ಲಿ ಕಲ್ಲಿನಂಥ ಬೀಜಗಳಿರುತ್ತವೆ. ರಸಬಾಳೆಯಲ್ಲಿ ಇಲ್ಲ. ಕಾಡುಬಾಳೆಗೆ 22 ವರ್ಣತಂತು, ಹನ್ನೊಂದು ಜೋಡಿ. ರಸಬಾಳೆಗೆ 33, ಪ್ರತಿಯೊಂದೂ ಮೂರು ಮೂರು. ಮೂವರು ಸೇರಿ ಜೋಡಿ ಹೇಗೆ ಕಟ್ಟುವುದು? ನೊಗಕ್ಕೆ ಮೂರು ಎತ್ತು ಕಟ್ಟಿದ ಗತಿ. ಹಾಗಾಗಿ ಅದಕ್ಕೆ ಬೀಜ ಕಟ್ಟುವುದಿಲ್ಲ, ಕಂದು ಕಿತ್ತು ನೆಡಬೇಕು. ಒಂದೊಂದು ಕಂದೂ ತಾಯಿಯ ಪಡಿಯಚ್ಚು. ರುಚಿ ತಪ್ಪುವುದಿಲ್ಲ, ಮೊಮ್ಮಗ ತಿನ್ನುವುದೂ ಅಜ್ಜ ತಿಂದ ಹಣ್ಣನ್ನೇ. ಆದರೆ ಪನಾಮಾ ಸೊರಗು ರೋಗ ಬಂದಾಗ ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ತೋಟದ ಯಾವ ಗಿಡಕ್ಕೂ ಇಲ್ಲ. ನಂಜನಗೂಡಿನ ರಸಬಾಳೆ ತನಗೆ ಹೆಸರು ಕೊಟ್ಟ ಊರಿನಲ್ಲೇ ಹುಡುಕಿ ಕೊಳ್ಳುವಂತಾದದ್ದಕ್ಕೆ ಇದು ದೊಡ್ಡ ಕಾರಣ. ಹೇಸರಗತ್ತೆ ಮರಿ ಹಾಕದಿರುವುದೂ ಜೋಡಿ ಕೂಡದ ಕಷ್ಟದಿಂದಲೇ: ಕುದುರೆಯಿಂದ 32, ಕತ್ತೆಯಿಂದ 31, ಒಟ್ಟು 63.

ಹತ್ತಿ ಬೆಳೆದವರಿಗೆ ಮಿಯಾಸಿಸ್‌ನ ಬಿಸಿ ಇನ್ನೊಂದು ರೀತಿ ತಟ್ಟಿದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿ ಕೊಟ್ಟರು. ಹೊಲವೆಲ್ಲ ಒಂದೇ ಎತ್ತರ, ಒಂದೇ ಉದ್ದದ ಎಳೆ. ಆದರೆ ಅದರ ಬೀಜ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಒಂದು ಗಿಡ ಇನ್ನೊಂದರಂತಿಲ್ಲ. ಕೂಡಿಸಿದ್ದನ್ನು ಮಿಯಾಸಿಸ್ ಕಲಸಿಬಿಡುತ್ತದೆ. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕಾಗಿರುವುದು, ಅದರ ಮೇಲೆ ಕಂಪನಿಗಳು ನಿಂತಿರುವುದು ಈ ಒಂದು ಕಾರಣಕ್ಕೆ. ಅಮೆರಿಕದ ಡೇವಿಸ್‌ನಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತು ಸಂಗಡಿಗರು ಭತ್ತದಲ್ಲಿ ಮಿಯಾಸಿಸ್ಸನ್ನೇ ತಪ್ಪಿಸಿ, ತಾಯಿಯ ಪಡಿಯಚ್ಚಾದ ಬೀಜ ಬರಿಸಿದ್ದಾರೆ. ಆ ಕೆಲಸ 2018ರ ಕೊನೆಗೆ ಪ್ರಕಟವಾಯಿತು. ಅದು ಹೊಲಕ್ಕೆ ಇಳಿದು, ರೈತರ ಕೈಗೂ ಎಟುಕಿದರೆ ಲೆಕ್ಕಾಚಾರ ಬದಲಾದೀತು.

ಮಾವು ಇದನ್ನು ಮೊದಲೇ ಕಲಿತಿದೆ. ಕರಾವಳಿಯ ಬಪ್ಪಕಾಯಿ, ಓಲೂರು ಮುಂತಾದ ಮಾವಿನ ಒಂದು ವಾಟೆಯಿಂದ ನಾಲ್ಕೈದು ಸಸಿ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಬೀಜದೊಳಗಿನ ತಾಯಿಯ ಕೋಶಗಳಿಂದ ನೇರವಾಗಿ ಹುಟ್ಟಿದವು, ಮಿಯಾಸಿಸ್ ಕಾಣದವು. ಅಜ್ಜಿ ಅಂಥ ವಾಟೆ ಊರಿದ್ದರೆ ಅವರ ಮಾತೇ ನಿಲ್ಲುತ್ತಿತ್ತು.

ಕೊನೆಗೆ ಅಜ್ಜಿಯ ಮರ ಏನಾಯಿತು ಎಂದರೆ, ಅದರ ಕಾಯಿ ಉಪ್ಪಿನಕಾಯಿಗೆ ಬಂತು. ವರ್ಷ ಕಳೆದರೂ ಹೋಳು ಮೆತ್ತಗಾಗುವುದಿಲ್ಲ. ಈಗ ಬೀದಿಯವರೆಲ್ಲ ಕೇಳಿಕೊಂಡು ಬರುತ್ತಾರೆ. ಬಾದಾಮಿ ಕೂಡ ಒಂದು ಕಾಲಕ್ಕೆ ಹೀಗೆ ಎಲ್ಲೋ ವಾಟೆಯಿಂದ ಎದ್ದ ಒಂದೇ ಮರವಾಗಿತ್ತು, ಯಾರೋ ರುಚಿ ನೋಡಿ ಕಸಿ ಕಟ್ಟಿದರು. ಮಲೆನಾಡಿನ ಹೊಳೆದಂಡೆಯ ಅಪ್ಪೆಮಿಡಿ ಮರಗಳೂ ಹಾಗೆಯೇ. ಒಂದೊಂದರ ಸೊನೆಗೂ ಒಂದೊಂದು ವಾಸನೆ, ಅನಂತಭಟ್ಟನ ಅಪ್ಪೆಯಂಥವಕ್ಕೆ ಸ್ವಂತ ಹೆಸರು. ಆ ಮರ ಬಿದ್ದರೆ ಅದರ ಸಾವಿರ ವಾಟೆ ನೆಟ್ಟರೂ ಅದೇ ಮರ ಹುಟ್ಟುವುದಿಲ್ಲ. ನಿಮ್ಮೂರಿನ ರಸ್ತೆ ಅಗಲ ಮಾಡಲು ಹಳೆಯ ನಾಟಿ ಮಾವಿನ ಮರಕ್ಕೆ ಗುರುತು ಹಾಕಿದ್ದು ಕಂಡರೆ, ಅದರ ಕಾಯಿ ಚೆನ್ನಾಗಿತ್ತೆಂದು ನಿಮಗೆ ಗೊತ್ತಿದ್ದರೆ, ಗರಗಸ ಬರುವ ಮೊದಲು ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಹತ್ತಿರದ ಕಸಿ ಕಟ್ಟುವವರ ಕೈಗೆ ಕೊಡಿ.